ಹದಿನಾರು ಅನ್ನಲಾರದೆ ಇಪ್ಪತ್ತು ಕೂಗಿದವನು

ಆಗಿನ್ನೂ ನಮ್ಮ ಕಡೆಯೆಲ್ಲ ಕೋಲಾರ ಜಿಲ್ಲೆಗೇ ಸೇರಿತ್ತು. ಉಗ್ಗು ಇರುವವರಿಗೆ ಮಾತಿನ ಚಿಕಿತ್ಸೆ ಕೊಡುವುದು ನನ್ನ ಕೆಲಸ. ಒಂದು ಟ್ರಸ್ಟಿನವರು ಸಂಬಳ ಕೊಡುತ್ತಿದ್ದರು. ಸೋಮವಾರ, ಬುಧವಾರ ಚಿಕ್ಕಬಳ್ಳಾಪುರ, ಮಂಗಳವಾರ ಗೌರಿಬಿದನೂರು, ಗುರುವಾರ ಚಿಂತಾಮಣಿ, ಶನಿವಾರ ಶಿಡ್ಲಘಟ್ಟ. ಬಗಲಲ್ಲಿ ಒಂದು ಚೀಲ, ಅದರೊಳಗೆ ಟೇಪ್ ರೆಕಾರ್ಡರ್, ಸ್ಟಾಪ್‌ವಾಚ್, ಒಂದು ಕೈಗನ್ನಡಿ ಮತ್ತೆ ಫೈಲುಗಳು. ಊರೂರಿಗೂ ಒಂದೊಂದು ಬಾಡಿಗೆ ಕೋಣೆ, ಎರಡು ಕುರ್ಚಿ, ಒಂದು ಮೇಜು. ಒಬ್ಬರು ಒಳಗೆ ಬಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಅವರು ಹೋದ ಮೇಲೆ ಇನ್ನೊಬ್ಬರು.

ಹೊಸಬರು ಬಂದಾಗ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ, 'ಏನು ತೊಂದರೆ ಹೇಳಿ' ಅಂತ. ಉತ್ತರ ಬರೆದುಕೊಳ್ಳಬೇಕು. ಬರೆದೂ ಬರೆದೂ ನನಗೆ ಬಾಯಿಪಾಠವಾಗಿತ್ತು: 'ನಮ್ಮ ಕಡೆ ನನ್ನೊಬ್ಬನಿಗೇ ಸಾರ್ ಹಿಂಗಿರೋದು.' ನಾಲ್ಕೂ ಊರಿನವರು ಇದನ್ನೇ ಹೇಳುತ್ತಿದ್ದರು. ಅವರೆಲ್ಲರ ಫೈಲು ನನ್ನ ಒಂದೇ ಚೀಲದಲ್ಲಿ ಒಂದರ ಮೈಗೊಂದು ಒತ್ತಿಕೊಂಡು ಬಸ್ಸಿನಲ್ಲಿ ಊರೂರು ತಿರುಗುತ್ತಿತ್ತು. ಆದರೆ ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳಬಾರದು ಅನ್ನುವುದು ನಮ್ಮ ಕಸುಬಿನ ನಿಯಮ. ನಾನು ಹೇಳುತ್ತಿರಲಿಲ್ಲ.

ನಾನು ಹೇಳದೆ ಇದ್ದ ಇನ್ನೊಂದು ಸಂಗತಿಯೂ ಇತ್ತು. ನನಗೂ ಉಗ್ಗು ಇದೆ. ಚಿಕ್ಕವನಾಗಿದ್ದಾಗ ಬಸ್ ಸ್ಟ್ಯಾಂಡಿನಲ್ಲಿ ಊರ ಹೆಸರು ಹೇಳಲಾಗದೆ ಅತ್ತವನು ನಾನು. ದೊಡ್ಡವನಾಗುತ್ತ ಉಗ್ಗು ಕಡಿಮೆಯಾಯಿತು, ಉಳಿದದ್ದನ್ನು ಮುಚ್ಚಿಡುವುದು ಕಲಿತೆ. ಕಷ್ಟದ ಪದ ದೂರದಲ್ಲಿ ಕಂಡರೆ ಸಾಕು, ಪಕ್ಕದ ಪದಕ್ಕೆ ಜಾರಿಕೊಳ್ಳುತ್ತಿದ್ದೆ. 'ಮ' ನನಗೆ ಆಗುವುದಿಲ್ಲ. ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ನಾನು ಊಟ ತಿಂಡಿ ಮಾಡುತ್ತಿದ್ದ ಮೆಸ್ಸಿನಲ್ಲಿ ಮಸಾಲೆ ದೋಸೆ ಘಮಘಮ ಅನ್ನುತ್ತಿದ್ದರೂ ಮೂರು ವರ್ಷ ಇಡ್ಲಿ ತಿಂದೆ. ಹಗಲೆಲ್ಲ ಬೇರೆಯವರಿಗೆ ಮಾತು ಕಲಿಸಿ ಸಂಜೆ ರೂಮಿಗೆ ಬಂದರೆ 'ಊಟ ಆಯ್ತಾ' ಅಂತ ಕೇಳುವವರು ಯಾರೂ ಇರಲಿಲ್ಲ. ಭಾನುವಾರವಂತೂ ಬಟ್ಟೆ ಒಗೆದು ಹಾಕಿದರೆ ಮುಗಿಯಿತು, ಸೋಮವಾರ ಬೆಳಿಗ್ಗೆಯವರೆಗೆ ಬಾಯಿ ತೆರೆಯುವ ಕೆಲಸವೇ ಇಲ್ಲ.

ಶಿಡ್ಲಘಟ್ಟದ ಕೋಣೆಗೆ ರೇಷ್ಮೆ ನೂಲು ತೆಗೆಸುವ ಆ ರೀಲರ್ ಬಂದದ್ದು ಒಂದು ಶನಿವಾರ. ವಯಸ್ಸು ಇಪ್ಪತ್ತಾರೋ ಇಪ್ಪತ್ತೇಳೋ. ಬಿಸಿನೀರಿನಲ್ಲಿ ನೆನೆದು ಬೆರಳ ತುದಿಗಳೆಲ್ಲ ಬೆಳ್ಳಗೆ ಮುದುಡಿದ್ದವು. ಜೊತೆಗೆ ಅವನ ಅಣ್ಣ. ಮಾತೆಲ್ಲ ಅಣ್ಣನದ್ದೇ.

"ನಾವು ಅಣ್ಣತಮ್ಮ ಬೇರೆ ಆಗ್ತಿದೀವಿ ಸಾರ್. ಹೊಲ, ತೋಟ ನನ್ನ ಭಾಗಕ್ಕೆ, ನೂಲು ತೆಗೆಯೋ ಫಿಲೇಚರ್ ಇವನ ಭಾಗಕ್ಕೆ. ಇಷ್ಟು ದಿನ ಮಾರ್ಕೆಟ್ಟಲ್ಲಿ ನಾನು ಕೂಗಿ ಗೂಡು ತರ್ತಿದ್ದೆ, ಇವನು ನೂಲು ತೆಗೆಸ್ತಿದ್ದ. ಇನ್ಮೇಲೆ ಇವನೇ ಕೂಗ್ಬೇಕು. ಬಾಯಿ ಬರ್ಲಿಲ್ಲ ಅಂದ್ರೆ ಫಿಲೇಚರ್ ಮಾರ್ಬಿಟ್ಟು ಇನ್ನೊಬ್ರ ಹತ್ರ ಕೂಲಿಗೆ ನಿಲ್ಬೇಕಾಗ್ತದೆ." ಆಮೇಲೆ ತಮ್ಮನ ಕಡೆ ತಿರುಗಿ, "ಏಮಿರಾ, ಹೌದಾ ಅಲ್ವಾ?" ಅಂದ. ತಮ್ಮ ನೆಲ ನೋಡಿಕೊಂಡು ತಲೆಯಾಡಿಸಿದ.

ಆಗ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ನಡೆಯುತ್ತಿದ್ದದ್ದು ಬಾಯಲ್ಲೇ. ರೈತರು ರೇಷ್ಮೆ ಗೂಡು ರಾಶಿ ಹಾಕಿಕೊಂಡು ನಿಂತಿರುತ್ತಾರೆ. ಅದರಿಂದ ನೂಲು ತೆಗೆಯುವ ರೀಲರುಗಳು ರಾಶಿಗೆ ಕೈ ಹಾಕಿ, ಒಂದೆರಡು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಕಿಲೋಗೆ ಇಷ್ಟು ಅಂತ ಕೂಗುತ್ತಾರೆ. ಮೇಲೆ ಮೇಲೆ ಕೂಗು ಬೀಳುತ್ತದೆ. ಒಂದು ಉಸಿರು ಹಿಡಿದು ಬಿಡುವಷ್ಟರಲ್ಲಿ ಲಾಟು ಯಾರದ್ದೋ ಆಗಿರುತ್ತದೆ. ಉಗ್ಗು ಇರುವವನಿಗೆ ಇದಕ್ಕಿಂತ ಕೆಟ್ಟ ಜಾಗ ದೇವರೇ ಯೋಚಿಸಿ ಮಾಡಿದರೂ ಸಿಗಲಿಕ್ಕಿಲ್ಲ.

ಆರು ತಿಂಗಳು ಅವನನ್ನು ಒಬ್ಬನನ್ನೇ ಕೂರಿಸಿಕೊಂಡು ಕಲಿಸಿದೆ. ಉಸಿರು ಬಿಡುವಾಗ ಮಾತು ಶುರು ಮಾಡುವುದು, ಮೊದಲಕ್ಷರವನ್ನು ಎಳೆದು ಮುಂದಿನದಕ್ಕೆ ಸೇರಿಸುವುದು, ತುಟಿ ನಾಲಿಗೆಯನ್ನು ಒತ್ತದೆ ಹಗುರವಾಗಿ ತಾಕಿಸುವುದು. ಕನ್ನಡಿ ಹಿಡಿಸಿ ತುಟಿ ನೋಡಿಕೊಳ್ಳಲು ಹೇಳಿದೆ. ಅವನು ಒಂದು ಪುಟ ಓದುವಾಗ ತಡೆದ ಕಡೆಯೆಲ್ಲ ನಾನು ಪೆನ್ಸಿಲಿನಲ್ಲಿ ಗೀಟು ಹಾಕುತ್ತಿದ್ದೆ. ಮೊದಮೊದಲು ಹಾಳೆಯ ತುಂಬ ಗೀಟು. ಐದನೆಯ ತಿಂಗಳಿಗೆ ಒಂದೋ ಎರಡೋ. ಆಮೇಲೆ ಹರಾಜಿನ ಅಭ್ಯಾಸ. ನಾನು ಮಾರುಕಟ್ಟೆಯವನು, ಅವನು ರೀಲರ್. ಹತ್ತು, ಹನ್ನೊಂದು, ಹನ್ನೆರಡು ಅಂತ ನೀರು ಕುಡಿದಂತೆ ಕೂಗಿದ. ಫೈಲಿನಲ್ಲಿ 'ತುಂಬಾ ಉತ್ತಮ' ಅಂತ ಬರೆದು ಕೆಳಗೆ ಗೆರೆಯನ್ನೂ ಎಳೆದೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅವನು ಮಾರುಕಟ್ಟೆಗೆ ಇಳಿದ. ಪ್ರತಿ ಶನಿವಾರ ಕೇಳುತ್ತಿದ್ದೆ, "ಹರಾಜು ಹೆಂಗೆ ನಡೀತಿದೆಯಪ್ಪ?"

"ನಡೀತಾ ಇದೆ ಸಾರ್."

ಒಂದು ತಿಂಗಳಾಗಿತ್ತೋ ಏನೋ, ಬಸ್ ಸ್ಟ್ಯಾಂಡಿನಲ್ಲಿ ಅವನ ಅಣ್ಣ ಎದುರಾಗಿ ನನ್ನ ಮೇಲೆ ರೇಗಿದ. "ಏನ್ ಸಾರ್ ಹೇಳ್ಕೊಟ್ರಿ ಅವನಿಗೆ? ಹದಿನೈದಕ್ಕೆ ನಿಂತಿರೋ ಲಾಟಿಗೆ ಒಂದೇ ಏಟಿಗೆ ಇಪ್ಪತ್ತು ಅಂತಾನೆ! ದುಡ್ಡಿನ ಸೊಕ್ಕು ಬಂದಿದೆ ಅಂತ ಮಾರ್ಕೆಟ್ಟೆಲ್ಲ ಆಡ್ಕೊಳ್ತಿದೆ. ರೈತ್ರಿಗೇನು, ಇವನು ಬಂದ್ರೆ ಹಬ್ಬ. ಹಿಂಗೇ ಕೂಗಿದ್ರೆ ಫಿಲೇಚರ್ ಬಾಗಿಲು ಹಾಕ್ಕೊಂಡೋಗ್ತದೆ."

ಮುಂದಿನ ಶನಿವಾರ ನಾನೂ ಅವನಿಗೆ ಬುದ್ಧಿ ಹೇಳಿದೆ. "ಬಾಯಿ ಬಂತು ಅಂತ ಹಾರಾಡಬೇಡಪ್ಪ, ನಿಧಾನಕ್ಕೆ ಲೆಕ್ಕ ನೋಡಿ ಕೂಗು," ಅಂದೆ. ಅವನು ಮುಖ ಸಣ್ಣದು ಮಾಡಿಕೊಂಡು, "ಆಯ್ತು ಸಾರ್" ಅಂದ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಆ ಮಾತನ್ನು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾಡುವ ಚಿಕಿತ್ಸೆ ಎಲ್ಲಿಯೋ ಸೋಲುತ್ತಿದೆ ಅನ್ನುವುದು ಮಾತ್ರ ನನಗೆ ಕಾಣುತ್ತಿತ್ತು. ಅವನೊಬ್ಬನದ್ದೇ ಅಲ್ಲ. ಚಿಂತಾಮಣಿ ಕಡೆಯ ಖಾಸಗಿ ಬಸ್ಸಿನ ಕಂಡಕ್ಟರ್ ಒಬ್ಬರು ಕೋಣೆಯಲ್ಲಿ ಎಲ್ಲ ಸ್ಟಾಪಿನ ಹೆಸರನ್ನೂ ಹೇಳುತ್ತಿದ್ದರು, ಬಸ್ಸಿನಲ್ಲಿ ಬರೀ ಸೀಟಿ ಊದುತ್ತಿದ್ದರು. ನಗರಗೆರೆ ಕಡೆಯ ಒಬ್ಬ ಹುಡುಗಿ ಕುಡುಮಲಕುಂಟೆಯ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಗೌರಿಬಿದನೂರಿನ ಕೋಣೆಯಲ್ಲಿ ನನ್ನೊಂದಿಗೆ ಮೆಲ್ಲಗೆ ಮಾತಾಡುತ್ತಿದ್ದವಳು ಬಾಗಿಲು ದಾಟಿದ ಕೂಡಲೇ ಬಾಯಿ ಹೊಲಿದುಕೊಂಡಂತೆ ಸುಮ್ಮನಾಗುತ್ತಿದ್ದಳು. ಇನ್ನೊಬ್ಬರು ಮುದ್ದೇನಹಳ್ಳಿ ಕಡೆಯ ನಿವೃತ್ತ ಮೇಷ್ಟ್ರು, ಮಗಳ ಮದುವೆಯಲ್ಲಿ ಬೀಗರ ಮುಂದೆ ಬಾಯಿ ಕಟ್ಟಿತೆಂದು ಬಂದವರು. ಎಲ್ಲರೂ ನನ್ನ ಮುಂದೆ ಸರಾಗ. ನನ್ನ ಮುಂದೆ ಮಾತ್ರ.

ಗುಂಪಿನಲ್ಲಿ ಚಿಕಿತ್ಸೆ ಕೊಡುವುದನ್ನು ಓದುವಾಗ ಪಾಠದಲ್ಲಿ ಕೇಳಿದ್ದೆ, ಕಣ್ಣಾರೆ ನೋಡಿರಲಿಲ್ಲ. ಭಾನುವಾರ ನಾಲ್ವರನ್ನೂ ಚಿಕ್ಕಬಳ್ಳಾಪುರಕ್ಕೆ ಕರೆಸುತ್ತೇನೆ ಅಂದಾಗ ಟ್ರಸ್ಟಿನ ಡಾಕ್ಟರು ಹುಬ್ಬೇರಿಸಿದರು. "ಒಬ್ರ ಉಗ್ಗು ಇನ್ನೊಬ್ರಿಗೆ ಅಂಟ್ಕೊಳ್ತದೆ ಅಂತಾರಲ್ರೀ ಜನ. ನಾಳೆ ಯಾರಾದ್ರೂ ಬಂದು ಜಗಳ ಆಡಿದ್ರೆ ನೀವೇ ಹೊಣೆ." ನಮ್ಮ ಹಳ್ಳಿಗಳಲ್ಲಿ ಆ ನಂಬಿಕೆ ಬಲವಾಗಿತ್ತು. ಉಗ್ಗುವವರನ್ನು ಅಣಕಿಸಿದ ಮಗುವಿನ ಬಾಯಿಗೆ ತಾಯಂದಿರು ಹೊಡೆಯುತ್ತಿದ್ದದ್ದು ಕರುಣೆಯಿಂದಲ್ಲ, ಅದು ಬರುತ್ತದೆ ಅನ್ನುವ ಭಯದಿಂದ. ಹೊಣೆ ನನ್ನದೇ ಎಂದು ಬರೆದುಕೊಟ್ಟೆ. ನಾಲ್ವರನ್ನೂ ಬೇರೆ ಬೇರೆಯಾಗಿ ಒಪ್ಪಿಗೆ ಕೇಳಿದೆ. ನಿಜ ಹೇಳಬೇಕೆಂದರೆ, ನನ್ನ ಬರಿದಾದ ಭಾನುವಾರಕ್ಕೆ ಒಂದಿಷ್ಟು ಜನ ಸಿಗುತ್ತಾರೆ ಅನ್ನುವ ಆಸೆಯೂ ಒಳಗೆ ಇತ್ತು.

ಮೊದಲ ಭಾನುವಾರ ಐದು ಕುರ್ಚಿಯನ್ನು ದುಂಡಗೆ ಹಾಕಿದೆ. ಒಂದೇ ನಿಯಮ ಹೇಳಿದೆ: ಯಾರ ಮಾತನ್ನೂ ಇನ್ನೊಬ್ಬರು ಮುಗಿಸಿಕೊಡಬಾರದು, ಎಷ್ಟು ಹೊತ್ತಾದರೂ ಕಾಯಬೇಕು. ಹುಡುಗಿಯ ಜೊತೆ ಬಂದಿದ್ದ ತಾಯಿಯನ್ನು ಹೊರಗೆ ಜಗಲಿಯಲ್ಲಿ ಕೂರಿಸಿದೆ, ಯಾಕೆಂದರೆ ಮಗಳ ಬಾಯಿಂದ ಬರಬೇಕಾದ ಮಾತನ್ನೆಲ್ಲ ಆಯಮ್ಮನೇ ಆಡಿಬಿಡುತ್ತಿದ್ದರು.

ಕಂಡಕ್ಟರು ಧೈರ್ಯ ಮಾಡಿ ಶುರು ಮಾಡಿದರು. ಒಂದು ಸಲ ಬಸ್ಸಿನಲ್ಲಿ ಒಬ್ಬ ಮುದುಕಿ, ಕೈವಾರ ಬಂದರೆ ಹೇಳಪ್ಪ ಅಂದಿದ್ದಳಂತೆ. ಕೈವಾರ ಬಂತು. ಇವರಿಗೆ 'ಕ' ಬರಲಿಲ್ಲ. ಸೀಟಿ ಊದಿದರು, ತಗಡು ಬಡಿದರು, ಮುದುಕಿಗೆ ತಿಳಿಯಲಿಲ್ಲ. ಚಿಂತಾಮಣಿಯಲ್ಲಿ ಇಳಿದು ಆಕೆ ಅತ್ತಳು. ಇದನ್ನು ಹೇಳುವಾಗ ಕಂಡಕ್ಟರ ಕಣ್ಣು ಮುಚ್ಚಿಕೊಂಡಿತು, ದವಡೆ ನಡುಗಿತು, ಕತ್ತಿನ ನರ ಉಬ್ಬಿತು. "ಕ್... ಕ್... ಕ್..." ಹೊರಗೆ ಸೈಕಲ್ ರಿಪೇರಿ ಅಂಗಡಿಯ ಸದ್ದು ಕೇಳಿಸುತ್ತಿತ್ತು.

ರೀಲರ್ ಎದ್ದು ಹೊರಗೆ ನಡೆದುಬಿಟ್ಟ. ಹಿಂದೆಯೇ ಓಡಿದೆ. ರಸ್ತೆಯ ಬದಿ ನಿಂತಿದ್ದ, ಮುಖವೆಲ್ಲ ಬೆವರು.

"ನಂದೂ ಹಿಂಗೇ ಕಾಣ್ತದಾ ಸಾರ್?"

"ಇಲ್ಲಪ್ಪ," ಅಂದೆ. ಸುಳ್ಳು. ಅವನಿಗೂ ಅದು ಸುಳ್ಳು ಅಂತ ಗೊತ್ತಾಯಿತು. ಶಿಡ್ಲಘಟ್ಟದ ಬಸ್ಸು ಹತ್ತಿ ಹೋದ.

ಎರಡನೆಯ ಭಾನುವಾರ ಅವನು ಬರಲೇ ಇಲ್ಲ. ಬಂದ ಮೂವರೂ ನನ್ನ ಮುಖ ನೋಡಿಕೊಂಡು ನನಗೆ ಮಾತ್ರ ಮಾತಾಡಿದರು. ಒಂದೇ ಸೂರಿನಡಿ ಮೂರು ಬೇರೆ ಬೇರೆ ಚಿಕಿತ್ಸೆ ನಡೆದಂತಾಯಿತು. ಮುಗಿದ ಮೇಲೆ ಮೇಷ್ಟ್ರು ನಿಂತುಕೊಂಡು, ನಾನು ಕಲಿಸಿದ ಹಾಗೆ ಅಕ್ಷರ ಎಳೆಯುತ್ತ ಹೇಳಿದರು, "ಬೇಜಾರು ಮಾಡ್ಕೋಬೇಡಿ. ನೀವು ದಡದ ಮೇಲೆ ಕೂತು ನಮಗೆ ಈಜು ಹೇಳ್ಕೊಡ್ತಿದೀರಿ." ನನಗೆ ಸಿಟ್ಟು ಬಂತು. ಎಷ್ಟು ಓದಿದ್ದೇನೆ, ಇವರಿಗೇನು ಗೊತ್ತು ಅಂದುಕೊಂಡೆ. ಮೆಸ್ಸಿಗೆ ಹೋಗಿ ಇಡ್ಲಿ ತಿಂದು ಬಂದು ಸಂಜೆಯೇ ಮಲಗಿಬಿಟ್ಟೆ.

ಮೂರನೆಯ ಭಾನುವಾರವೂ ರೀಲರ್ ಇಲ್ಲ, ಶನಿವಾರದ ಕೋಣೆಗೂ ಇಲ್ಲ. ನಾಲ್ಕನೆಯ ಭಾನುವಾರ ಬಂದ. ಕೂರಲಿಲ್ಲ, ಬಾಗಿಲಲ್ಲೇ ನಿಂತು, "ಇದೊಂದು ಮಾತು ಹೇ... ಹೇಳಿ ಹೋಗಣ ಅಂತ ಬಂದೆ ಸಾರ್. ಫಿಲೇಚರ್ ಮಾರ್ತಿದೀನಿ. ಮುಂದಿನ ತಿಂಗಳು ಬೇರೆಯವ್ರು ಬರ್ತಾರೆ" ಅಂದ.

"ಯಾಕಪ್ಪ? ಅಷ್ಟು ಚೆನ್ನಾಗಿ ಕಲ್ತಿದ್ದೆ..."

"ಕಲ್ತಿದ್ದೆ, ನಿಮ್ಮ ಕೋಣೇಲಿ!" ಅವನ ಧ್ವನಿ ಏರಿತು. "ನಿಮಗೇನ್ ಗೊತ್ತು ಸಾರ್? ನಿಮ್ಮ ನಾ... ನಾಲಿಗೆ ನೆಟ್ಟಗಿದೆ. ನತ್ತೋಡು ಅಂತ ನಿಮ್ಮನ್ನ ಯಾರಾದ್ರೂ ಕರೆದಿದ್ದಾರಾ?"

ನತ್ತೋಡು. ಉಗ್ಗುವವನಿಗೆ ನಮ್ಮ ಕಡೆಯ ತೆಲುಗಿನಲ್ಲಿ ಅನ್ನುವ ಮಾತು. ಎಂಟನೆಯ ವಯಸ್ಸಿನಿಂದ ನನ್ನ ಹೆಸರೂ ಅದೇ ಆಗಿತ್ತು. ನಾಲ್ವರೂ ನನ್ನನ್ನೇ ನೋಡುತ್ತಿದ್ದರು. ಕಲಿಸುವವನು ತನ್ನ ಕಥೆ ಹೇಳಿಕೊಳ್ಳಬಾರದು ಅಂತ ನಮಗೆ ಹೇಳಿಕೊಟ್ಟಿದ್ದರು. ಎಷ್ಟೋ ದಿನ ಆ ನಿಯಮ ನನಗೆ ಒಳ್ಳೆಯ ಮರೆಯಾಗಿತ್ತು.

"ಕರೆದಿದ್ದಾರೆ," ಅಂದೆ. "ಕೂತ್ಕೋ, ಹೇಳ್ತೀನಿ."

ಹೇಳಿದೆ. ಬಸ್ ಸ್ಟ್ಯಾಂಡಿನ ಅಳು, ಪದ ಬಿಟ್ಟು ಪದಕ್ಕೆ ಜಾರುವುದು, ಎಲ್ಲವನ್ನೂ. ಈ ಸಲ ಜಾರಲಿಲ್ಲ. 'ಮ' ಬಂದಾಗ ನಿಂತೆ. ತುಟಿ ಒಂದಕ್ಕೊಂದು ಅಂಟಿಕೊಂಡು ಬಿಡಲೊಲ್ಲದು. "ಮ್... ಮ್... ಮಸಾಲೆ ದೋಸೆ ತಿನ್ಬೇಕು ಅಂತ ಆಸೆ. ಮ್... ಮೂರು ವರ್ಷದಿಂದ ಇಡ್ಲಿ ತಿಂತಿದೀನಿ."

ಆಮೇಲೆ ಮೇಷ್ಟ್ರು, "ಮೂರು ವರ್ಷಾನೂ ಇಡ್ಲೀನೇ?" ಅಂದರು. ಹುಡುಗಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಕಂಡಕ್ಟರು ನಕ್ಕರು, ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು.

ಅಲ್ಲಿಂದ ಒಬ್ಬೊಬ್ಬರ ಇಡ್ಲಿಯೂ ಹೊರಗೆ ಬಂತು. ಮೇಷ್ಟ್ರು ಮೂವತ್ತು ವರ್ಷದ ನೌಕರಿಯಲ್ಲಿ ಒಂದು ದಿನವೂ ಹಾಜರಿ ಕೂಗಿರಲಿಲ್ಲವಂತೆ. "ಲೀಡರ್ ಕೈಲಿ ಕೂಗಿಸ್ತಿದ್ದೆ. ಮಕ್ಕಳಿಗೆ ಜವಾಬ್ದಾರಿ ಬರ್ಲಿ ಅಂತ ಹೆಡ್ ಮೇಷ್ಟ್ರಿಗೆ ಹೇಳ್ತಿದ್ದೆ. ಅವ್ರು ಮೆ... ಮೆಚ್ಕೊಂಡಿದ್ರು!" ಹುಡುಗಿ ಎರಡು ಸಲ ಬಾಯಿ ತೆರೆದು ಮುಚ್ಚಿದಳು. ನಾವು ಕಾದೆವು. ಫ್ಯಾಕ್ಟರಿಗೆ ಸೇರಿದ ಮೊದಲ ದಿನ ಸೂಪರ್‌ವೈಸರ್ ಹೆಸರು ಕೇಳಿದರಂತೆ. ಅವಳಿಗೆ ಎಲ್ಲಕ್ಕಿಂತ ಕಷ್ಟ ಅವಳ ಹೆಸರೇ. ಚೀಟಿಯಲ್ಲಿ ಬರೆದು ತೋರಿಸಿದಳು. ಪಾಪ, ಮೂಗಿ ಅಂದುಕೊಂಡರು. ಅವಳು ಇಲ್ಲ ಅನ್ನಲಿಲ್ಲ. "ಎ... ಎರಡು ವರ್ಷ ಆಯ್ತು. ಅಲ್ಲಿ ನಾನು ಮೂಗಿ." ಇಷ್ಟನ್ನು ಅವಳು ನನಗೆ ಗೌರಿಬಿದನೂರಿನ ಕೋಣೆಯಲ್ಲಿ ಎಂದೂ ಹೇಳಿರಲಿಲ್ಲ.

ರೀಲರ್ ಕೊನೆಯಲ್ಲಿ ಬಾಯಿ ಬಿಟ್ಟ. "ಹತ್ತರಿಂದ ಹತ್ತೊಂಬತ್ತರವರೆಗೆ ಎಲ್ಲ 'ಹ'. ಗಂಟಲಲ್ಲೇ ಹಿಡ್ಕೊಳ್ತದೆ. ತೆಲುಗಲ್ಲಿ ಕೂಗಣ ಅಂತ ನೋಡ್ತೀನಿ, ಉರ್ದೂಲಿ ಕೂಗಣ ಅಂತ ನೋಡ್ತೀನಿ, ಅಷ್ಟ್ರಲ್ಲಿ ಲಾಟು ಹೋಗಿರ್ತದೆ. ಇಪ್ಪತ್ತು ಅನ್ನೋದು ಮಾತ್ರ ಸಲೀಸಾಗಿ ಬರ್ತದೆ." ತಲೆ ತಗ್ಗಿಸಿದ. "ಅದಕ್ಕೇ ಇಪ್ಪತ್ತು ಅಂತೀನಿ."

ನನ್ನ ಇಡ್ಲಿ ಅವನ ಇಪ್ಪತ್ತಾಗಿತ್ತು. ನನಗೆ ಹೋದದ್ದು ದೋಸೆಯ ರುಚಿ, ಅವನಿಗೆ ಹೋಗುತ್ತಿದ್ದದ್ದು ಬದುಕು. ನನ್ನ ಕೋಣೆಯಲ್ಲಿ ಅವನಿಗೆ ಯಾವತ್ತೂ ಹದಿನಾರು ಕಷ್ಟವಾಗಿರಲಿಲ್ಲ, ಯಾಕೆಂದರೆ ಅಲ್ಲಿ ಅವನು ಹೆದರುವಂಥದ್ದು ಏನೂ ಇರಲಿಲ್ಲ. ಮತ್ತೆ, ಇಷ್ಟು ಚೆನ್ನಾಗಿ ಕಲಿಸಿದ ಸಾರ್‌ಗೆ ಬೇಜಾರಾಗುತ್ತದೆ ಅಂತ ಸೋಲನ್ನೂ ಹೇಳಿರಲಿಲ್ಲ. ನಾನೋ, ಹಾರಾಡಬೇಡ ಅಂತ ಬುದ್ಧಿ ಹೇಳಿದ್ದೆ. ಅವನ ಕೈ ಹಿಡಿದು, "ತಪ್ಪಾಯ್ತು ಕಣಪ್ಪ," ಅಂದೆ.

ಫಿಲೇಚರ್ ಮಾರುವುದನ್ನು ಒಂದು ತಿಂಗಳು ತಡೆಯಲು ಅವನು ಒಪ್ಪಿದ. ಮುಂದಿನ ಭಾನುವಾರ ನೂಲು ಬಾರದ ತೂತು ಗೂಡನ್ನು ಒಂದು ಬುಟ್ಟಿ ತುಂಬ ತಂದು ನೆಲಕ್ಕೆ ಸುರಿದ. ಕುರ್ಚಿಗಳನ್ನು ಗೋಡೆಗೆ ಸರಿಸಿ ಎಲ್ಲರೂ ರಾಶಿಯ ಸುತ್ತ ಕೂತೆವು. ಮೇಷ್ಟ್ರು ಹರಾಜು ಕರೆಯುವವರು. ಕಂಡಕ್ಟರು, ಹುಡುಗಿ, ನಾನು ಅವನ ಎದುರು ಕೂಗುವ ರೀಲರುಗಳು. ಸರಾಗವಾಗಿ ಮಾತಾಡಬೇಕು ಅನ್ನುವುದನ್ನು ಕೈಬಿಟ್ಟೆ. ಹೊಸ ನಿಯಮ: ಬೇಕಾದಷ್ಟು ಉಗ್ಗಬಹುದು, ಬೇಕೆಂದೇ ಉಗ್ಗಬಹುದು, ಆದರೆ ಅಂದುಕೊಂಡ ಸಂಖ್ಯೆಯನ್ನು ಬದಲಾಯಿಸುವಂತಿಲ್ಲ. ಉಗ್ಗುವಾಗ ಕಣ್ಣು ಎದುರಿನವರ ಮುಖದ ಮೇಲೇ ಇರಬೇಕು.

ಅವನು ಜಾರಿದನೋ ಇಲ್ಲವೋ ಅನ್ನುವುದನ್ನು ಹಿಡಿಯುವುದೇ ಕಷ್ಟ. ಸ್ಟಾಪ್‌ವಾಚಿನಲ್ಲಿ ಅದು ಸಿಗುವುದಿಲ್ಲ, ಟೇಪಿನಲ್ಲೂ ಸಿಗುವುದಿಲ್ಲ. ಹಿಡಿಯುತ್ತಿದ್ದವಳು ಹುಡುಗಿ. "ಅಣ್ಣ, ಈಗ ಬ... ಬದಲಾಯಿಸಿದ್ರಿ. ಹದಿಮೂರು ಅನ್ಬೇಕು ಅಂತಿದ್ರಿ." ಅವನು ಬೆಪ್ಪಾಗಿ ನೋಡುತ್ತಿದ್ದ. "ನಿಂಗೆ ಹೆಂಗಮ್ಮ ಗೊತ್ತಾಯ್ತು?" ಅಂದರೆ, "ನಾನೂ ಹಂಗೇ ಕ... ಕಣ್ಣು ಪಕ್ಕಕ್ಕೆ ಹಾಕ್ತೀನಿ" ಅನ್ನುತ್ತಿದ್ದಳು. ಇಷ್ಟು ವರ್ಷ ಓದಿದ ನನಗೆ ಕಾಣದ್ದು ಅವಳಿಗೆ ಕಂಡಿತ್ತು.

ಹಾಗೆಂದು ಬಾಗಿಲು ಹಾಕಿಕೊಂಡು ಮಾಡಿದ್ದೆಲ್ಲ ದಂಡ ಎಂದು ನಾನು ಹೇಳಲಾರೆ. ತುಟಿಯನ್ನು ಹಗುರವಾಗಿ ತಾಕಿಸುವುದನ್ನು ಕೈಗನ್ನಡಿ ಹಿಡಿದು ಒಬ್ಬನೇ ಕಲಿಯಬೇಕು, ಗದ್ದಲದಲ್ಲಿ ಅದು ಬರುವುದಿಲ್ಲ. ನಾಲ್ಕು ಜನರ ಮುಂದೆ ಆಡಲಾಗದ ಮಾತುಗಳೂ ಇರುತ್ತವೆ. ಹುಡುಗಿ ಒಂದು ಮಂಗಳವಾರ ಬಂದು ಒಂದು ಗಂಟೆ ಬರೀ ಅತ್ತು ಹೋದಳು. ಯಾಕೆಂದು ಗುಂಪಿಗೆ ಹೇಳಲಿಲ್ಲ, ಇಲ್ಲಿ ನಾನೂ ಹೇಳುವುದಿಲ್ಲ. ಆದರೆ 'ನನ್ನೊಬ್ಬನಿಗೇ' ಅನ್ನುವ ಆ ಗಂಟು ಇದೆಯಲ್ಲ, ಅದನ್ನು ಬಿಚ್ಚುವ ಉಪಾಯ ಎರಡು ಕುರ್ಚಿಯ ಕೋಣೆಯಲ್ಲಿ ನನಗೆ ಸಿಕ್ಕಿರಲಿಲ್ಲ. ಅಲ್ಲಿ ಒಬ್ಬ ರೋಗಿ, ಒಬ್ಬ ಸಾರ್, ಅಷ್ಟೇ. ಇಬ್ಬರೂ ಒಂಟಿ.

ತಿಂಗಳು ಮುಗಿಯುವ ಶನಿವಾರ ಎಲ್ಲರೂ ಶಿಡ್ಲಘಟ್ಟದ ಮಾರುಕಟ್ಟೆಗೆ ಹೋದೆವು. ಕಂಡಕ್ಟರು ವಾರದ ರಜವನ್ನು ಆ ದಿನಕ್ಕೆ ಹಾಕಿಸಿಕೊಂಡಿದ್ದರು. ಹುಡುಗಿಯೂ ರಜ ಕೇಳಿದ್ದಳು, ಚೀಟಿ ಬರೆದು. ಜೊತೆಗೆ ಅವಳ ತಾಯಿ. ಮಾರುಕಟ್ಟೆಯ ಒಳಗೆ ಗೂಡಿನ ಹಸಿವಾಸನೆ, ಮೂರು ಭಾಷೆಯ ಕೂಗು. ನಾವು ರೈತರ ನಡುವೆ, ಅವನಿಗೆ ಕಾಣುವ ಹಾಗೆ ನಿಂತೆವು.

ಅವನು ಒಂದು ರಾಶಿಯ ಮುಂದೆ ನಿಂತ. ಗೂಡು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ. ಆ ಲಾಟಿಗೆ ನೂರಾ ಹದಿನಾರರವರೆಗೆ ಹೋಗಬಹುದು ಅಂತ ನಮಗೆ ಮೊದಲೇ ಹೇಳಿದ್ದ. ನೂರು ಎಲ್ಲರಿಗೂ ಗೊತ್ತಿದ್ದದ್ದೇ, ಕೂಗುವಾಗ ಮೇಲಿನದ್ದಷ್ಟನ್ನೇ ಕೂಗುತ್ತಾರೆ. ಕೂಗು ಹದಿಮೂರಾಯಿತು, ಹದಿನಾಲ್ಕಾಯಿತು, ಯಾರೋ ಹದಿನೈದು ಅಂದರು. ರಾಶಿಯ ರೈತ ಇವನನ್ನು ಗುರುತು ಹಿಡಿದು ಹಲ್ಲು ಕಿರಿದ. ಇಪ್ಪತ್ತು ಬಂತು ಅಂದುಕೊಂಡಿರಬೇಕು.

ಅವನು ಬಾಯಿ ತೆರೆದ. "ಹ್..."

ಹಿಡಿಯಿತು. ಕತ್ತಿನ ನರ ಎದ್ದಿತು. ಕಣ್ಣು ಪಕ್ಕಕ್ಕೆ ಸರಿಯುವುದರಲ್ಲಿತ್ತು, ಸರಿಯಲಿಲ್ಲ. ಹರಾಜಿನವನ ಮುಖವನ್ನೇ ನೋಡುತ್ತ, "ಹ್... ಹ್... ಹ್..." ಅಂದ. ಪಕ್ಕದ ರೀಲರುಗಳು ತಿರುಗಿ ನೋಡಿದರು. ಯಾರೋ ಕಿಸಕ್ಕೆಂದರು. ಹರಾಜಿನವನು ಕೈ ಎತ್ತಿದ್ದವನು ಹಾಗೇ ನಿಂತ.

"ಹದಿನಾರು!"

ಹೇಳಿದ. ಅಷ್ಟೂ ಜನರ ಮುಂದೆ, ಅಷ್ಟು ಹೊತ್ತು ಉಗ್ಗಿ, ತಾನು ಅಂದುಕೊಂಡದ್ದನ್ನೇ ಹೇಳಿದ. ಹಿಂದೆಯೇ ಯಾರೋ "ಹದಿನೇಳು!" ಅಂದರು, ಲಾಟು ಅವರದ್ದಾಯಿತು. ರೈತ ಮುಖ ಸಪ್ಪಗೆ ಮಾಡಿಕೊಂಡ. ನಮ್ಮ ರೀಲರ್ ಮಾತ್ರ ಜನರನ್ನು ತಳ್ಳಿಕೊಂಡು ನಮ್ಮ ಕಡೆ ಓಡಿಬಂದ. "ಹೋಯ್ತು ಸಾರ್! ಲಾಟು ಹೋಯ್ತು! ನನ್ನ ರೇಟಿಗೇ ನಿಂತ್ಬಿಟ್ಟೆ!" ಅಂತ ಮೇಷ್ಟ್ರನ್ನು ತಬ್ಬಿಕೊಂಡ. ಲಾಟು ಕಳೆದುಕೊಂಡು ಇಷ್ಟು ಸಂತೋಷಪಟ್ಟವನನ್ನು ಆ ಮಾರುಕಟ್ಟೆ ನೋಡಿರಲಿಕ್ಕಿಲ್ಲ. ಆಮೇಲೆ ಎರಡು ಸಲ ಕೂಗಿದ, ಎರಡು ಸಲವೂ ಉಗ್ಗಿದ. ಎರಡನೆಯ ಲಾಟು ಹದಿನಾಲ್ಕಕ್ಕೆ ಅವನದ್ದಾಯಿತು.

ತೂಕ ಮುಗಿಸಿಕೊಂಡು ಅವನೇ ನಮ್ಮನ್ನೆಲ್ಲ ಮಾರುಕಟ್ಟೆಯ ಪಕ್ಕದ ಹೋಟೆಲಿಗೆ ಕರೆದುಕೊಂಡು ಹೋದ. ಸಪ್ಲಯರ್ ಅವಸರದವನು. "ಏನ್ ಕೊಡ್ಲಿ, ಬೇಗ ಹೇಳಿ," ಅಂದ. ಮೇಷ್ಟ್ರು, ಕಂಡಕ್ಟರು, ರೀಲರ್ ಅವರವರ ತಿಂಡಿ ಅವರವರು ಹೇಳಿದರು. ಹುಡುಗಿಗೆ ಮಾತ್ರ ತಾಯಿ ರೂಢಿಯಂತೆ, "ಅವಳಿಗೆ ಪೂರಿ ಕೊಡಪ್ಪ," ಅಂದುಬಿಟ್ಟರು. ಹುಡುಗಿ ಸುಮ್ಮನೆ ತಲೆ ತಗ್ಗಿಸಿದಳು.

ಸಪ್ಲಯರ್ ನನ್ನ ಕಡೆ ತಿರುಗಿದ. "ನಿಮಗೆ ಸಾರ್?"

ಇಡ್ಲಿ ಬಾಯಿಯ ತುದಿಯಲ್ಲೇ ಇತ್ತು. ಎದುರಿಗೆ ರೀಲರ್ ನನ್ನನ್ನೇ ನೋಡುತ್ತಿದ್ದ.

"ನಂಗೆ ಮ್..." ತುಟಿ ಅಂಟಿಕೊಂಡಿತು. "ಮ್... ಮ್..."

"ಮೊಸರನ್ನನಾ ಸಾರ್? ಮೊಸರು ವಡೆನಾ?" ಅವನು ಆಗಲೇ ಅಡುಗೆ ಮನೆಯ ಕಡೆ ಅರ್ಧ ತಿರುಗಿದ್ದ. ತಲೆಯಾಡಿಸಿಬಿಟ್ಟರೆ ಮುಗಿಯುತ್ತಿತ್ತು. ಮೊಸರನ್ನ ತಿಂದುಕೊಂಡು ಎದ್ದು ಹೋಗಬಹುದಿತ್ತು.

"ತ್... ತ್... ತಡೀರಿ ಅಣ್ಣ."

ಹುಡುಗಿ. ಎರಡು ವರ್ಷದಿಂದ ಹೊರಗಿನವರ ಎದುರು ಬಾಯಿ ಬಿಡದವಳು, ತಲೆ ಎತ್ತಿ ಅವನ ಮುಖವನ್ನೇ ನೋಡುತ್ತಿದ್ದಳು. "ಅವ್ರೇ ಹೇ... ಹೇಳ್ತಾರೆ."

ತಾಯಿಯ ಕೈಯಲ್ಲಿದ್ದ ನೀರಿನ ಲೋಟ ಅಲ್ಲೇ ನಿಂತಿತು. ಏನೋ ಹೇಳಲು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು. ಸಪ್ಲಯರ್ ಅವಳನ್ನು ನೋಡಿದ, ನನ್ನನ್ನು ನೋಡಿದ. ಹೆಗಲ ಮೇಲಿನ ಬಟ್ಟೆ ಸರಿಮಾಡಿಕೊಂಡು ಮೇಜಿನ ಹತ್ತಿರವೇ ನಿಂತ.

ನಾನು ಉಸಿರು ಬಿಟ್ಟೆ, ತುಟಿಯನ್ನು ಹಗುರವಾಗಿ ತಾಕಿಸಿದೆ, ನನಗೆ ಬೇಕಾದದ್ದನ್ನು ಹೇಳಿದೆ. ದೋಸೆ ಬರಲು ಹೊತ್ತಾಯಿತು. ತಮ್ಮ ತಟ್ಟೆ ಮುಂದಿದ್ದರೂ ಯಾರೂ ತಿನ್ನಲಿಲ್ಲ, ನನ್ನದು ಬರುವವರೆಗೆ ಎಲ್ಲರೂ ಕಾದರು.